ಬೇಳೆ ಆರಿಸುವ ಯಂತ್ರ ಮತ್ತು ಕೂಲಿಯ ಅಂತರ

ಕೃತಕ ಬುದ್ಧಿಮತ್ತೆ ಎಂದೊಡನೆ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳು ನೆನಪಾಗುವುದು ಸಹಜ. ಆದರೆ ಅದು ದಾಲ್ ಮಿಲ್ಲುಗಳ ಬಾಗಿಲಿಗೂ ಬಂದಿದೆ. ಕಲರ್ ಸಾರ್ಟರ್ ಯಂತ್ರವು ಕ್ಯಾಮೆರಾದ ಮುಂದೆ ಜಾರುವ ಪ್ರತಿ ಕಾಳನ್ನೂ ಪರೀಕ್ಷಿಸಿ, ಕೆಟ್ಟದ್ದನ್ನು ಗಾಳಿಯ ರಭಸದಿಂದ ಹೊರದೂಡುತ್ತದೆ. ಹಳೆಯ ಯಂತ್ರಗಳು ಮುಖ್ಯವಾಗಿ ಬಣ್ಣವನ್ನು ನೋಡುತ್ತಿದ್ದವು. ಈಚಿನವು ಆಕಾರ, ಹುಳುಕು, ಸಿಪ್ಪೆಗಳ ಗುರುತನ್ನೂ ಮಾದರಿ ಚಿತ್ರಗಳಿಂದ ಕಲಿಯುತ್ತವೆ.

ಯಂತ್ರ ಬೇಡವೆಂಬುದು ಈ ಲೇಖನದ ಅಭಿಪ್ರಾಯವಲ್ಲ. ನೆರೆಯ ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಅದರ ಪಕ್ಕದಲ್ಲಿ ನಿಂತು ಮಾರಬೇಕಾದ ಯಾದಗಿರಿಯವರು ಹರಳು, ಕರಿಗಾಳು ಬೆರೆತ ಮಾಲನ್ನು ಪೇಟೆಗೆ ಒಯ್ಯಲಾಗದು.

ಪ್ರಶ್ನೆ ಇರುವುದು ಲಾಭದ ಹಂಚಿಕೆಯಲ್ಲಿ. ಕೈಯಿಂದ ಬೇಳೆ ಆರಿಸುವವರು ಬಹುತೇಕ ಹೆಣ್ಣುಮಕ್ಕಳು, ದಿನಗೂಲಿಯವರು. ಯಂತ್ರ ಬಂದಾಗ ಮೊದಲು ತಪ್ಪುವುದು ಅವರ ಕೂಲಿ. ಹೊಸದಾಗಿ ಹುಟ್ಟುವ ಆಪರೇಟರ್ ಕೆಲಸ, ಅದೂ ತಿಂಗಳ ಪಗಾರದ್ದು, ಐ.ಟಿ.ಐ. ಮುಗಿಸಿದ ತರುಣನ ಪಾಲು. ಆದರೆ ಯಾವ ಕಾಳು ಕೆಟ್ಟದ್ದೆಂದು ಯಂತ್ರಕ್ಕೆ ತೋರಿಸಿಕೊಡಲು ಆ ಆರಿಸುವಾಕೆಗಿಂತ ಬಲ್ಲವರು ಯಾರು? ಅವಳ ಕಣ್ಣಿನ ಅನುಭವವನ್ನು ಯಂತ್ರಕ್ಕೆ ತುಂಬಿಕೊಂಡು, ಅವಳನ್ನು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಸ್ಸು ಹತ್ತಿಸುವುದು ವ್ಯಾಪಾರದ ಲೆಕ್ಕದಲ್ಲಿಯೂ ಜಾಣತನವಲ್ಲ. ಶಹಾಪುರ, ಸುರಪುರ ತಾಲ್ಲೂಕುಗಳಿಂದ ಗುಳೆ ಹೋಗುವವರು ಮೊದಲೇ ಕಡಿಮೆಯಿಲ್ಲ. ಹತ್ತಿ ಬಿಡಿಸಲು ಆಳು ಸಿಗದೆಂದು ದೂರುವವರೂ ನಾವೇ ಅಲ್ಲವೇ!

ಇನ್ನೊಂದು ಅಂತರ ಮಾಲೀಕರ ನಡುವಿನದು. ದೊಡ್ಡ ಮಿಲ್ಲಿನವರು ಯಂತ್ರ ಕೊಳ್ಳುತ್ತಾರೆ. ಸಣ್ಣವರು ಅವರಲ್ಲಿಯೇ ಬಾಡಿಗೆ ತೆತ್ತು ಮಾಲು ಆರಿಸಿಕೊಳ್ಳಬೇಕಾಗುತ್ತದೆ, ಅದೂ ಸರದಿ ಬಂದಾಗ. ಕೇಂದ್ರ ಸರ್ಕಾರದ ಸಣ್ಣ ಉದ್ದಿಮೆಗಳ ಕ್ಲಸ್ಟರ್ ಯೋಜನೆಯಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ಅನುದಾನದ ಅವಕಾಶವಿದೆ. ಹತ್ತಾರು ಸಣ್ಣ ಮಿಲ್ಲಿನವರು ಕೂಡಿ ಅರ್ಜಿ ಸಲ್ಲಿಸುವುದನ್ನು ಸಂಸ್ಥೆಯು ಕೈಗೆತ್ತಿಕೊಳ್ಳಬೇಕು.

ಯಂತ್ರ ಖರೀದಿಯ ಕರಾರಿನಲ್ಲಿಯೇ, ಮಿಲ್ಲಿನ ಇಬ್ಬರು ಹೆಣ್ಣುಮಕ್ಕಳಿಗೆ ಅದನ್ನು ನಡೆಸುವ ತರಬೇತಿ ಕೊಡಬೇಕೆಂಬ ಷರತ್ತನ್ನು ಸದಸ್ಯರು ಬರೆಸಿಕೊಳ್ಳಲಿ. ಅಕ್ಷರ ಬಾರದವರಿಗೆ ಹೇಗೆ ಎಂಬ ಆಕ್ಷೇಪ ಬರುತ್ತದೆ. ಮೊಬೈಲಿನಲ್ಲಿ ಕನ್ನಡ ಧ್ವನಿ ಬರುವ ಕಾಲದಲ್ಲಿ ಯಂತ್ರದ ಪರದೆಯಲ್ಲೇಕೆ ಬರಬಾರದು? ಹಣ ಕೊಡುವವರು ಕೇಳಿದರೆ ಮಾರುವವರು ಅಳವಡಿಸಿಯಾರು. ಒಬ್ಬೊಬ್ಬರೇ ಕೇಳುವ ಬದಲು ಸಂಸ್ಥೆಯ ಪತ್ರದೊಡನೆ ಕೇಳುವುದು ಲೇಸು.