ಕಣ್ಣಿನ ವಿಷಯದಲ್ಲಿ ಸಂಕೋಚ ಸಲ್ಲದು

‘ಕಣ್ಣು ಕೆಟ್ಟ ಮೇಲೆ ಸೂರ್ಯನಮಸ್ಕಾರ ಮಾಡಿದರೇನು ಫಲ?’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕಾಲ ಮೀರಿದ ಮೇಲೆ ಪಡುವ ಪಶ್ಚಾತ್ತಾಪವನ್ನು ಕುರಿತು ಈ ಮಾತನ್ನು ಎಲ್ಲೆಡೆಯೂ ಆಡುತ್ತೇವೆ. ಕಣ್ಣಿನ ವಿಷಯದಲ್ಲಿ ಮಾತ್ರ ಮರೆತುಬಿಡುತ್ತೇವೆ. ನಮ್ಮ ಮನೆಗಳಲ್ಲಿ ದೃಷ್ಟಿಗೆ ರೋಗವು ಮಾಡುವ ಕೇಡಿಗಿಂತ, ರೋಗವನ್ನು ಮುಚ್ಚಿಡುವ ಸಂಕೋಚವೂ ಅದರಿಂದಾಗುವ ವಿಳಂಬವೂ ಮಾಡುವ ಕೇಡೇ ಹೆಚ್ಚೆಂಬುದು ನನ್ನ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ನಾನು ಬಂದುದು ನನ್ನದೇ ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಕೊನೆಯ ಸಾಲಿನಲ್ಲಿ ಒಬ್ಬ ಹುಡುಗನು ಕುಳಿತುಕೊಳ್ಳುತ್ತಿದ್ದನು. ಕರಿಹಲಗೆಯ ಮೇಲಿನ ಲೆಕ್ಕವನ್ನು ಬರೆದುಕೊಳ್ಳುವಾಗ 3 ಇದ್ದಲ್ಲಿ 8 ಎಂದೂ, 1 ಇದ್ದಲ್ಲಿ 7 ಎಂದೂ ಬರೆಯುತ್ತಿದ್ದನು. ಇದು ಅಲಕ್ಷ್ಯವೆಂದು ಬಗೆದು ನಾನು ಅವನನ್ನು ಎಲ್ಲರ ಮುಂದೆ ಗದರಿಸಿ ನಿಲ್ಲಿಸಿದೆನು. ಅವನು ತಲೆ ತಗ್ಗಿಸಿ ನಿಂತನೇ ಹೊರತು ಒಂದು ಮಾತನ್ನೂ ಆಡಲಿಲ್ಲ. ಮರುತಿಂಗಳು ಶಾಲೆಯಲ್ಲಿ ನೇತ್ರಪರೀಕ್ಷೆ ನಡೆದಾಗ, ಪಟ್ಟಿಯ ಮೇಲಿನ ಎರಡು ಸಾಲುಗಳ ಹೊರತು ಅವನಿಗೆ ಏನೂ ಕಾಣದೆಂಬುದು ತಿಳಿಯಿತು. ಕನ್ನಡಕ ಬಂದ ದಿನ ಅವನು ನನ್ನ ಮೇಜಿನ ಬಳಿಗೆ ಬಂದು, ‘ಸರ, ಎಲ್ಲಾರಿಗೂ ಮೊದಲಿಂದ ಹಿಂಗ ಕಾಣತಿತ್ತೇನ್ರಿ?’ ಎಂದು ಮೆಲ್ಲನೆ ಕೇಳಿದನು. ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ.

ಆ ಪ್ರಶ್ನೆಯಲ್ಲಿ ಒಂದು ಮುಖ್ಯವಾದ ಸಂಗತಿಯಿದೆ. ದೃಷ್ಟಿ ಮೆಲ್ಲಮೆಲ್ಲನೆ ಮಂದವಾದ ಮಗುವಿಗೆ ತನ್ನ ಕಣ್ಣಿನಲ್ಲಿ ದೋಷವಿದೆಯೆಂಬುದೇ ತಿಳಿದಿರುವುದಿಲ್ಲ. ಲೋಕವೇ ಹೀಗೆ ಮಸುಕಾಗಿದೆಯೆಂದು ಅದು ನಂಬಿರುತ್ತದೆ. ಆದುದರಿಂದ ಪರೀಕ್ಷೆಯೊಂದೇ ದಾರಿ. ಡಚ್ ವೈದ್ಯನಾದ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಅಕ್ಷರಪಟ್ಟಿಯನ್ನು ಇಂದಿಗೂ 6 ಮೀಟರು, ಎಂದರೆ ಸುಮಾರು 20 ಅಡಿ, ದೂರದಿಂದ ಓದಿಸುತ್ತಾರೆ. ನೆಟ್ಟಗಿನ ಕಣ್ಣು 18 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ ಮಾತ್ರ ಓದಬಲ್ಲ ಕಣ್ಣಿನ ದೃಷ್ಟಿಯನ್ನು 6/18 ಎಂದು ಬರೆಯುತ್ತಾರೆ. ಹತ್ತಿರದ್ದು ಸ್ಪಷ್ಟವಾಗಿಯೂ ದೂರದ್ದು ಮಸುಕಾಗಿಯೂ ಕಾಣುವುದು ಸಮೀಪದೃಷ್ಟಿದೋಷ. ಸಾಮಾನ್ಯವಾಗಿ ಕಣ್ಣುಗುಡ್ಡೆಯು ಸ್ವಲ್ಪ ಉದ್ದವಾಗಿ ಬೆಳೆಯುವುದರಿಂದ, ಬಿಂಬವು ಅಕ್ಷಿಪಟದ ಮೇಲೆ ಬೀಳದೆ ಅದಕ್ಕಿಂತ ಮುಂದೆಯೇ ಮೂಡುತ್ತದೆ. ನಿಮ್ನ ಮಸೂರದ ಕನ್ನಡಕವು ಆ ಬಿಂಬವನ್ನು ಸರಿಯಾದ ಸ್ಥಳಕ್ಕೆ ಸರಿಸುತ್ತದೆ. ಇದರಲ್ಲಿ ಬುದ್ಧಿಯ ಮಾಂದ್ಯವಾಗಲಿ, ದೇಹದ ಅವಲಕ್ಷಣವಾಗಲಿ ಎಲ್ಲಿದೆ?

ಕನ್ನಡಕವನ್ನು ನಮ್ಮ ವಿಜಯಪುರದ ಕಡೆ ‘ಚಾಳೀಸು’ ಎನ್ನುತ್ತೇವೆ. ಪುಣೆಯ ಮರಾಠಿ ಜನ ‘ಚಾಳಿಶೀ’ ಎನ್ನುತ್ತಾರೆ. ನಲವತ್ತರ ಸುಮಾರಿಗೆ ಸಣ್ಣ ಅಕ್ಷರ ಕಾಣದಾಗಿ ಕನ್ನಡಕ ಬೇಕಾಗುವುದರಿಂದ ಬಂದ ಹೆಸರುಗಳಿವು. ಹತ್ತು ವರ್ಷದ ಮಗುವಿನ ಮೂಗಿನ ಮೇಲೆ ಅದನ್ನು ಕಂಡರೆ ನಮಗೆ ನಗು ಬರುವುದು ಬಹುಶಃ ಇದರಿಂದಲೇ. ‘ಸೋಡಾಬುಡ್ಡಿ’ ಎಂದು ಕೂಗುವವರಿಗೆ ಅದು ವಿನೋದ. ಕೂಗಿಸಿಕೊಂಡವನು ಮರುದಿನ ಕನ್ನಡಕವನ್ನು ಚೀಲದಿಂದ ಹೊರಗೆ ತೆಗೆಯುವುದಿಲ್ಲ. ಇನ್ನು ಕೆಲವು ಹಿರಿಯರು, ಕನ್ನಡಕ ಹಾಕಿದಷ್ಟೂ ಕಣ್ಣು ಕೆಡುತ್ತದೆಯೆಂದೂ, ಹೆಣ್ಣುಮಗಳಾದರೆ ಲಗ್ನಕ್ಕೆ ತೊಡಕೆಂದೂ ವಾದಿಸುವುದುಂಟು. ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆಯೂ ಬೆಳೆಯುವುದರಿಂದ ಕನ್ನಡಕದ ನಂಬರು ಹೆಚ್ಚಬಹುದು. ಅದು ಕನ್ನಡಕದ ಅಪರಾಧವಲ್ಲ. ದಿನಕ್ಕೆ ಎರಡು ಗಂಟೆ ಬಯಲಿನ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಈ ದೋಷ ತಲೆದೋರುವುದು ಕಡಿಮೆಯೆಂದು ವೈದ್ಯರು ಹೇಳುತ್ತಾರೆ. ಮೊಬೈಲಿನ ಮುಂದೆ ಬಾಗಿ ಕುಳಿತುಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು.

ವಿಳಂಬವನ್ನು ಸ್ವಲ್ಪವೂ ಸಹಿಸದ ದೋಷವೊಂದಿದೆ. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಮಂದವಾಗಿದ್ದರೆ, ಅಥವಾ ಮೆಳ್ಳೆಗಣ್ಣಾಗಿದ್ದರೆ, ಮಿದುಳು ಆ ಇನ್ನೊಂದು ಕಣ್ಣಿನ ಬಿಂಬವನ್ನು ಕ್ರಮೇಣ ಕಡೆಗಣಿಸುತ್ತದೆ. ಇದಕ್ಕೆ ಸೋಮಾರಿ ಕಣ್ಣೆಂದು ಹೆಸರು. ತಕ್ಕ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಹಾಕಿ, ಮಂದವಾದ ಕಣ್ಣಿನಿಂದ ಕೆಲಸ ಮಾಡಿಸುವುದೇ ಚಿಕಿತ್ಸೆ. ಏಳೆಂಟು ವರ್ಷದೊಳಗೆ ಆರಂಭಿಸಿದರೆ ಇದು ಚೆನ್ನಾಗಿ ಫಲಿಸುತ್ತದೆ. ತಡವಾದಷ್ಟೂ ಫಲ ಕಡಿಮೆ. ಮೆಳ್ಳೆಗಣ್ಣು ಅದೃಷ್ಟದ ಗುರುತೆಂದು ಸುಮ್ಮನಿರುವ ತಾಯಿತಂದೆಗಳು ಮಗುವಿನ ಒಂದು ಕಣ್ಣನ್ನೇ ಕಳೆಯುತ್ತಿರಬಹುದು.

‘ಕಣ್ಣು ಬರುವ’ ಬೇನೆಯ ಸಂಗತಿ ಬೇರೆ. 2023ರ ಜುಲೈ ತಿಂಗಳಲ್ಲಿ ನಮ್ಮ ಪುಣೆ ಜಿಲ್ಲೆಯ ಆಳಂದಿಯಲ್ಲಿ ಅದು ಸಾವಿರಾರು ಜನರಿಗೆ ತಗುಲಿತು. ಅವರಲ್ಲಿ ಶಾಲೆಯ ಮಕ್ಕಳೇ ಬಹಳ. ರೋಗಿಯ ಕಣ್ಣನ್ನು ನೋಡಿದ ಮಾತ್ರಕ್ಕೆ ಇದು ಅಂಟುವುದಿಲ್ಲ. ಕೈ, ಕರವಸ್ತ್ರ, ದಿಂಬುಗಳ ಮೂಲಕ ಅಂಟುತ್ತದೆ. ಬಹುಮಟ್ಟಿಗೆ ಒಂದೆರಡು ವಾರಗಳಲ್ಲಿ ತಾನೇ ಇಳಿಯುತ್ತದೆ. ಆದರೆ ನೋವು ಹೆಚ್ಚಿದರೆ ಅಥವಾ ದೃಷ್ಟಿ ಮಸುಕಾದರೆ ವೈದ್ಯರ ಬಳಿಗೆ ಹೋಗಬೇಕೇ ಹೊರತು, ನೆರೆಮನೆಯವರು ಬಳಸಿ ಬಿಟ್ಟ ಹನಿಗಳನ್ನು ಹಾಕಿಕೊಳ್ಳಬಾರದು. ಸ್ಟೀರಾಯ್ಡ್ ಬೆರೆತ ಹನಿಗಳನ್ನು ಮನಸ್ಸಿಗೆ ಬಂದಂತೆ ಬಳಸಿದರೆ ದೃಷ್ಟಿಗೇ ಅಪಾಯ. ಕಟ್ಟಡದ ಕೆಲಸದ ಬಳಿ ವಾಸಿಸುವ ಮಕ್ಕಳಿಗೆ ಇನ್ನೊಂದು ಮಾತು: ಕಣ್ಣಿಗೆ ಸುಣ್ಣವಾಗಲಿ ಸಿಮೆಂಟಾಗಲಿ ಬಿದ್ದರೆ ಉಜ್ಜದೆ, ಯಾರಿಗೂ ಕಾಯದೆ, ಆ ಕ್ಷಣವೇ ಶುದ್ಧ ನೀರಿನಿಂದ ಅರ್ಧ ಗಂಟೆಯಾದರೂ ತೊಳೆದು ಆಸ್ಪತ್ರೆಗೆ ಓಡಬೇಕು.

ನಮ್ಮಂಥ ವಲಸೆಯವರ ಮನೆಗಳಲ್ಲಿ ವಿಳಂಬಕ್ಕೆ ಇನ್ನೊಂದು ಕಾರಣವುಂಟು, ಅದು ಭಾಷೆ. ಊರಿನಿಂದ ಬಂದ ಅಜ್ಜಿಗೆ ‘ಪೊರೆ’ ಎಂದರೆ ತಿಳಿಯುತ್ತದೆ. ಇಲ್ಲಿಯವರು ಅದನ್ನು ‘ಮೋತಿಬಿಂದು’ ಎನ್ನುತ್ತಾರೆ. ಪೊರೆಯೆಂದರೆ ಕಣ್ಣಿನೊಳಗಿನ ಮಸೂರವು ಮಂಜಾಗುವುದು. ಅದನ್ನು ಕರಗಿಸುವ ಹನಿಯಿಲ್ಲ. ಶಸ್ತ್ರಚಿಕಿತ್ಸೆ ಮಾಡಿ ಕೃತಕ ಮಸೂರವನ್ನು ಕೂಡಿಸಬೇಕು. ‘ಕಾಚಬಿಂದು’ ಎಂಬುದು ಬೇರೆಯೇ ರೋಗ. ಅದರಲ್ಲಿ, ಸಾಮಾನ್ಯವಾಗಿ ಕಣ್ಣಿನ ಒಳಒತ್ತಡ ಹೆಚ್ಚಿ, ದೃಷ್ಟಿನರವು ಬಹುಮಟ್ಟಿಗೆ ನೋವಿಲ್ಲದೆಯೇ ಸೊರಗುತ್ತದೆ. ಪೊರೆಯಿಂದ ಹೋದ ದೃಷ್ಟಿ ಮರಳಬಹುದು; ಕಾಚಬಿಂದುವಿನಿಂದ ಹೋದುದು ಮರಳದು, ಉಳಿದುದನ್ನು ಕಾಪಾಡಬಹುದಷ್ಟೆ. ಈ ಭೇದವನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ತಿಳಿಸಬಲ್ಲವರು ಎರಡೂ ಭಾಷೆ ಬಲ್ಲ ನೀವೇ.

ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ, ಶಿಬಿರ ಹೂಡಿ, ಲಕ್ಷಾಂತರ ಬಡವರ ಕಣ್ಣುಗಳಿಗೆ ಉಚಿತವಾಗಿ ಚಿಕಿತ್ಸೆ ಮಾಡಿದರು. 1968ರಲ್ಲಿ ಪದ್ಮಭೂಷಣ ಪಡೆದ ಆ ಮಹನೀಯರು 2005ರಲ್ಲಿ ತೀರಿಕೊಂಡರು. ಆಸ್ಪತ್ರೆಯಿಲ್ಲದ ಹಳ್ಳಿಗೆ ವೈದ್ಯರೇ ನಡೆದು ಬಂದರು. ನಾವೋ ಸಸೂನ್ ಆಸ್ಪತ್ರೆಯೂ, ಮಹಮ್ಮದವಾಡಿಯ ದೇಸಾಯಿ ಕಣ್ಣಿನ ಆಸ್ಪತ್ರೆಯೂ ಇರುವ ನಗರದಲ್ಲಿದ್ದು, ಕೇಸ್‌ಪೇಪರಿನ ಸಾಲಿಗೆ ಅಂಜಿ ಮನೆಯಲ್ಲಿ ಕುಳಿತಿದ್ದೇವೆ. ಅಜ್ಜಿಯ ಕೈ ಹಿಡಿದು ಆ ಸಾಲಿನಲ್ಲಿ ನಿಲ್ಲುವುದಕ್ಕಾಗಿ ಒಂದು ದಿನದ ರಜೆಯನ್ನು ಕೇಳಿದರೆ ಯಾವ ಉಪಾಧ್ಯಾಯನೂ ಇಲ್ಲವೆನ್ನಲಾರನು.

ಪ್ರಿಯ ವಿದ್ಯಾರ್ಥಿಗಳೇ, ಈ ಸಂಚಿಕೆ ಕೈಸೇರಿದ ದಿನವೇ ಒಂದು ಕೆಲಸ ಮಾಡಿರಿ. ಬಾಗಿಲ ಬಳಿ ನಿಂತು, ಒಂದೊಂದೇ ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿ, ಎದುರು ಗೋಡೆಯ ಕ್ಯಾಲೆಂಡರನ್ನು ಓದಿರಿ, ತಮ್ಮತಂಗಿಯರಿಂದಲೂ ಓದಿಸಿರಿ. ಎರಡು ಕಣ್ಣುಗಳಿಗೆ ಬೇರೆ ಬೇರೆಯಾಗಿ ಕಂಡರೆ, ಅಥವಾ ಇತರರು ಓದಿದ್ದು ನಿಮಗೆ ಕಾಣದಿದ್ದರೆ, ಮರುದಿನ ಬಂದು ಹೇಳಿರಿ. ಮುಂದಿನ ಸಾಲಿನಲ್ಲಿ ಜಾಗ ಕೇಳುವುದು ನಾಚಿಕೆಯ ಮಾತಲ್ಲ. ಕಾರಣವನ್ನು ವಿಚಾರಿಸದೆ ಗದರಿಸುವ ಉಪಾಧ್ಯಾಯನೊಬ್ಬನು ಹಿಂದೆ ನಿಮ್ಮ ಶಾಲೆಯಲ್ಲಿ ಇದ್ದನು. ಅವನು ಈಗ ತನ್ನ ಪಾಠವನ್ನು ಕಲಿತಿದ್ದಾನೆ.