ಮೌನವು ಸಮ್ಮತಿಯೇ?

ನೆಲ್ಯಾಡಿಯಂತಹ ಊರಿನಲ್ಲಿ ಸಭೆ ಸೇರುವವರು ನೆಂಟರೋ ನೆರೆಯವರೋ ಆಗಿರುತ್ತಾರೆ. ಅಲ್ಲಿ ಮತ ಎಣಿಸುವುದೇ ಸಂಕೋಚದ ಸಂಗತಿ. ಆದುದರಿಂದ 'ಆಕ್ಷೇಪವಿದೆಯೇ?' ಎಂದು ಕೇಳಿ ನಿರ್ಣಯಿಸುವ ರೂಢಿಯನ್ನು ನಾವು ಹಳಿಯುವುದಿಲ್ಲ. ಆದರೆ ಒಬ್ಬನೇ ಆಕ್ಷೇಪಿಸಿದರೂ ವಿಷಯವನ್ನು ಮತಕ್ಕೆ ಹಾಕಬೇಕೆಂಬುದು ಆ ರೂಢಿಯ ಜೀವಾಳ. ಪ್ರಶ್ನೆ ಮುಗಿಯುವ ಮೊದಲೇ ಕಾರ್ಯದರ್ಶಿಯ ಲೇಖನಿ 'ಸರ್ವಾನುಮತ' ಎಂದು ಬರೆದುಬಿಡುವುದೂ ಉಂಟು!

2020ರ ಡಿಸೆಂಬರಿನ ಗ್ರಾಮಪಂಚಾಯತಿ ಚುನಾವಣೆಯಲ್ಲಿ ರಾಜ್ಯದ ಕೆಲವೆಡೆ ಸ್ಥಾನಗಳನ್ನು ಹರಾಜು ಹಾಕಿ, ಅದಕ್ಕೆ 'ಅವಿರೋಧ ಆಯ್ಕೆ'ಯೆಂಬ ಹೆಸರಿಟ್ಟರು. ಚುನಾವಣಾ ಆಯೋಗವೇ ಎಚ್ಚರಿಸಬೇಕಾಯಿತು.

ಅನೇಕಾಂತವನ್ನು ವೇದಿಕೆಯಲ್ಲಿ ಹೊಗಳುವ ನಾವು, ಬಡ ಶ್ರಾವಕನೊಬ್ಬನ ಭಿನ್ನಮತವನ್ನು ನಡವಳಿ ಪುಸ್ತಕದಲ್ಲಿ ಒಂದು ಸಾಲಾಗಿ ಬರೆಯಲು ಅಂಜುವುದೇಕೆ? ಮುಂದಿನ ಮಹಾಸಭೆಯಲ್ಲಿ ಅಧ್ಯಕ್ಷರು ಪ್ರಶ್ನೆ ಕೇಳಿ ತುಸು ಕಾಯಲಿ. ಹಿಂದೆ ಕುಳಿತ ಶ್ರಾವಿಕೆಯರ ಕಡೆಗೂ ಒಮ್ಮೆ ನೋಡಲಿ.