ಮೇಸ್ತ್ರಿ ಕಲಿತರೆ ಮನೆ ತಂಪು

ನಂಜನಗೂಡು, ತಿ. ನರಸೀಪುರದ ಹಳೆಯ ಬೀದಿಗಳಲ್ಲಿ ಮಣ್ಣಿನ ದಪ್ಪ ಗೋಡೆಯ ಹೆಂಚಿನ ಮನೆಗಳು ಒಂದೊಂದಾಗಿ ಆರ್‌ಸಿಸಿಗೆ ಬದಲಾಗುತ್ತಿವೆ. 2018, 2019ರಲ್ಲಿ ಕಪಿಲೆಯ ಪ್ರವಾಹ ಕಂಡವರು ಗಟ್ಟಿ ಮನೆ ಬಯಸುವುದು ನ್ಯಾಯವೇ. ಆದರೆ ಹಗಲೆಲ್ಲ ಬಿಸಿಲು ಕುಡಿದ ಬರೀ ಕಾಂಕ್ರೀಟ್ ತಾರಸಿ ರಾತ್ರಿಯೆಲ್ಲ ಕೆಳಗಿನ ಕೋಣೆಗೆ ಕಾವು ಬಿಡುತ್ತದೆ. ಆಮೇಲೆ ಕೂಲರ್, ಅದೂ ಸಾಲದೆ ಎಸಿ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಇದೆಯಲ್ಲ ಎನ್ನಬಹುದು. ತಿಂಗಳಿಗೆ 200 ಯೂನಿಟ್ ದಾಟಿದರೆ ಬಿಲ್ಲು ಪೂರ್ತಿ ನಮ್ಮದೇ.

ಇದಕ್ಕೆ ಮದ್ದು ಗೊತ್ತಿರುವುದೇ. ಮೋಲ್ಡ್ ಹಾಕುವಾಗ ಕಂಬಿಗಳ ನಡುವೆ, ಇಳಿಸಿದ ಮಂಗಳೂರು ಹೆಂಚನ್ನೇ ಜೋಡಿಸಿದರೆ ಕಾಂಕ್ರೀಟೂ ಉಳಿಯುತ್ತದೆ, ಕಾವೂ ತಗ್ಗುತ್ತದೆ. ತಾರಸಿಗೆ ಬಿಸಿಲು ಹಿಂದಕ್ಕೆ ಹೊಡೆಯುವ ಬಿಳಿ ಬಣ್ಣ, ಪಶ್ಚಿಮದ ಕಿಟಕಿಗೆ ಅಗಲವಾದ ಸಜ್ಜ, ಗಾಳಿ ಹಾಯಲು ಎದುರುಬದುರು ಕಿಟಕಿ, 75 ವಾಟಿನ ಫ್ಯಾನ್ ಜಾಗಕ್ಕೆ 30 ವಾಟಿನ ಆಸುಪಾಸಿನ ಬಿಎಲ್‌ಡಿಸಿ ಫ್ಯಾನ್. ರಿಪೇರಿ ಕೆಲಸ ನಡೆಯುತ್ತಿರುವಾಗಲೇ ಮಾಡಿಸಿಕೊಂಡರೆ ಇವುಗಳ ಖರ್ಚು ಕಡಿಮೆ. ಮುಗಿದ ಮೇಲೆ ಒಡೆದು ಮಾಡಿಸುವುದು ಯಾರಿಂದಲೂ ಆಗದು.

ಕಾನೂನಿನ ಕಣ್ಣಿಗೆ ಈ ಮನೆಗಳು ಬೀಳುವುದಿಲ್ಲ. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆ ತಾರಸಿಯಿಂದ ಎಷ್ಟು ಶಾಖ ಇಳಿಯಬಹುದೆಂದು ಮಿತಿ ಹಾಕಿದೆ. ಆದರೆ ಅದನ್ನು ಬರೆದದ್ದು 500 ಚದರ ಮೀಟರಿಗೆ ಕಡಿಮೆಯಿಲ್ಲದ ನಿವೇಶನಗಳಿಗೆ. ನಮ್ಮ 30×40 ಅಡಿಯ ಸೈಟು ಸುಮಾರು 111 ಚದರ ಮೀಟರ್.

ಹಾಗಾಗಿ ಇಲ್ಲಿ ಮನೆಯ ಬಿಸಿ-ತಂಪನ್ನು ತೀರ್ಮಾನಿಸುವವರು ಮೇಸ್ತ್ರಿ. ಎಂಜಿನಿಯರ್ ನಕ್ಷೆ ಎಷ್ಟೋ ಸಲ ಪರವಾನಗಿಗಷ್ಟೇ. ಮೇಸ್ತ್ರಿ ಹೊಸದಕ್ಕೆ ಹಿಂಜರಿಯುವುದು ಮೊಂಡುತನದಿಂದಲ್ಲ. ತಾರಸಿ ಸೋರಿದರೆ ಹೋಗುವುದು ಅವರ ಹೆಸರು, ಕೈತಪ್ಪುವುದು ಮುಂದಿನ ಕೆಲಸ. ತಾವು ಕಣ್ಣಾರೆ ಕಂಡು, ನಾಲ್ಕು ಮಳೆಗಾಲ ತಡೆದದ್ದನ್ನೇ ಅವರು ನಂಬುತ್ತಾರೆ. ಕರಪತ್ರ, ಸಭೆಗಳಿಂದ ಆ ನಂಬಿಕೆ ಹುಟ್ಟದು.

ಕಡಿಮೆ ಖರ್ಚಿನ ಕಟ್ಟಡ ವಿಧಾನ ಹರಡಿ, ಕುಶಲಕರ್ಮಿಗಳಿಗೆ ಕಲಿಸಲೆಂದೇ ನಿರ್ಮಿತಿ ಕೇಂದ್ರಗಳು ಹುಟ್ಟಿದವು. ಮೈಸೂರಿನ ಕೇಂದ್ರ ಎರಡೂ ತಾಲ್ಲೂಕಿನಲ್ಲಿ ಒಂದೊಂದು ಅಂಗನವಾಡಿಯ ತಾರಸಿಯನ್ನು ಊರಿನ ಮೇಸ್ತ್ರಿಗಳ ಕೈಯಿಂದಲೇ ಹೀಗೆ ಮಾಡಿಸಲಿ. ಕಲಿಯುವ ದಿನಗಳ ಕೂಲಿಯನ್ನು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ತುಂಬಿಕೊಡಲಿ; ಕೂಲಿ ಬಿಟ್ಟು ಕಲಿಯಿರಿ ಎಂದು ದುಡಿಯುವವರಿಗೆ ಹೇಳುವ ಹಕ್ಕು ನಮಗಿಲ್ಲ. ಮನೆ ಕಟ್ಟಿಸುವವರೂ ಚದರಕ್ಕೆ ಎಷ್ಟು ಎಂದು ಕೇಳುವಾಗಲೇ ತಾರಸಿಯ ಕಾವಿಗೆ ಏನು ಮಾಡುತ್ತೀರಿ ಎಂದೂ ಕೇಳಲಿ. ಕೇಳುವವರಿದ್ದರೆ ಮೇಸ್ತ್ರಿ ಖಂಡಿತ ಕಲಿಯುತ್ತಾರೆ.